ಸಂಘದ ಮೋಸದ ಬಗ್ಗೆ ದೂರು ಕೊಡಬೇಕು, ಯಾವ ವಕೀಲರನ್ನು ಹಿಡಿಯಲಿ?

ಪ್ರಶ್ನೆ: ನಾನು ಮಂಜೇಶ್ವರ ತಾಲೂಕಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಚಿನ್ನದ ಅಡವು ಸಾಲದಲ್ಲಿ ಮೋಸ ನಡೆದಿದೆ. ಪುಸ್ತಕದಲ್ಲಿ ಸಾಲ ಇದೆ, ಲಾಕರಿನಲ್ಲಿ ಚಿನ್ನ ಇಲ್ಲ. ದೂರು ಕೊಡಬೇಕೆಂದಿದ್ದೇನೆ. ಕಾಸರಗೋಡಿನ ವಕೀಲರು ಸಾಕೇ, ಮಂಗಳೂರಿನವರೇ ಬೇಕೇ?

ಉತ್ತರ: ಊರಿನ ಮಾತು ಆಮೇಲೆ. ಆ ವಕೀಲರು ಈಗಾಗಲೇ ಯಾರ ಕಡೆ ಇದ್ದಾರೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ನಮ್ಮದು ಸಣ್ಣ ಜಿಲ್ಲೆ. ನೀವು ಹೋಗುವ ವಕೀಲರೇ ನಿಮ್ಮ ಸಂಘದ ಸಾಲದ ದಾಖಲೆ ನೋಡಿ ಅಭಿಪ್ರಾಯ ಬರೆದುಕೊಟ್ಟವರಾಗಿರಬಹುದು, ನಿರ್ದೇಶಕರೊಬ್ಬರ ಜಾಗದ ಕೇಸು ನಡೆಸುತ್ತಿರಬಹುದು. ಅದು ತಪ್ಪಲ್ಲ, ಆದರೆ ನಿಮಗೆ ಆಗಿಬರುವುದಿಲ್ಲ. ಹಾಗಾಗಿ ಕತೆ ಬಿಚ್ಚುವ ಮೊದಲು ಸಂಘದ ಹೆಸರಷ್ಟೇ ಹೇಳಿ ಕೇಳಿ: "ಸಾರ್, ಈ ಸಂಘದ್ದಾಗಲಿ ಆಡಳಿತ ಮಂಡಳಿಯವರದ್ದಾಗಲಿ ಕೇಸು ನಿಮ್ಮಲ್ಲಿ ಇದೆಯಾ?" ಹೀಗೆ ಕೇಳಿದ್ದಕ್ಕೆ ಸಿಟ್ಟಾಗುವವರಾದರೆ ಎದ್ದು ಬನ್ನಿ.

ಇನ್ನು ಭಾಷೆ. ಇಲ್ಲಿನ ಸರ್ಕಾರಿ ಕಚೇರಿಗೆ ಕಾಸರಗೋಡಿನ ಕನ್ನಡಿಗರಾದ ನಾವು ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಉತ್ತರವೂ ಬರಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಅದಕ್ಕೆ ಜಾಗ ಇದೆ. ಪೊಲೀಸ್ ಠಾಣೆಯ ಹೇಳಿಕೆ ಮಾತ್ರ ಸಾಮಾನ್ಯವಾಗಿ ಮಲಯಾಳದಲ್ಲೇ ಇರುತ್ತದೆ. ಬಾಯಿಮಾತಿನ ದೂರನ್ನು ಬರೆದುಕೊಂಡು ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಸುಮ್ನೆ ತಲೆಯಾಡಿಸಿ ಸಹಿ ಹಾಕಬೇಡಿ. "ಚಿನ್ನ ಇರಬೇಕಾದ ಪೊಟ್ಟಣ ಖಾಲಿ ಇದ್ದದ್ದನ್ನು ಕಣ್ಣಾರೆ ಕಂಡೆ" ಅಂದದ್ದು "ಪೊಟ್ಟಣ ಖಾಲಿ ಅಂತ ಕೇಳಿದೆ" ಎಂದು ಕಾಗದಕ್ಕೆ ಇಳಿದರೆ ಕೇಸಿನ ಬುಡವೇ ಸಡಿಲ. ನಿಮ್ಮ ಕನ್ನಡವೂ ಆ ಮಲಯಾಳವೂ ಎರಡೂ ಅರ್ಥವಾಗುವ ವಕೀಲರು ಬೇಕು.

ಮಂಗಳೂರಿನವರು ಇಲ್ಲಿ ವಾದಿಸಲು ಕಾನೂನಿನ ಅಡ್ಡಿ ಇಲ್ಲ. ಆದರೆ ನಿಮ್ಮ ಕೇಸು ಠಾಣೆಯಲ್ಲೇ ಮುಗಿಯುವಂಥದ್ದಲ್ಲ. ಕೇರಳ ಸಹಕಾರಿ ಸಂಘಗಳ ಕಾನೂನಿನ 65ನೇ ಸೆಕ್ಷನ್ ಪ್ರಕಾರ ಸಹಕಾರಿ ಇಲಾಖೆಯ ರಿಜಿಸ್ಟ್ರಾರ್ ಕಡೆಯಿಂದ ವಿಚಾರಣೆ ಆಗಬಹುದು. ನಷ್ಟಕ್ಕೆ ಕಾರಣರಾದವರಿಂದ ಹಣ ವಸೂಲಿಗೆ 68ನೇ ಸೆಕ್ಷನ್. ಹೈಕೋರ್ಟಿಗೆ ಹೋದರೆ ಎರ್ನಾಕುಳಂ. ಜಂಟಿ ರಿಜಿಸ್ಟ್ರಾರರ ಕಚೇರಿಯ ದಾರಿ ಗೊತ್ತಿರುವ, ಕ್ರಿಮಿನಲ್ ಕೇಸೂ ನಡೆಸಿದ ಕಾಸರಗೋಡಿನವರೇ ವಾಸಿ ಅಂತ ನನ್ನ ಲೆಕ್ಕ.

ಒಂದು ಪರೀಕ್ಷೆ ಮಾಡಿ ನೋಡಿ. "ನನಗೆ ರಕ್ಷಣೆ ಯಾವ ಕಾನೂನಿನಲ್ಲಿದೆ?" ಅಂತ ಕೇಳಿ. "ವಿಸಿಲ್ ಬ್ಲೋವರ್ ಆಕ್ಟ್ (ಒಳಗಿನ ಮೋಸ ಹೊರಹಾಕಿದವರನ್ನು ಕಾಪಾಡುವ ಕಾಯ್ದೆ) ಇದೆಯಲ್ಲ, ಹೆದರಬೇಡಿ" ಅಂದರೆ ಅವರು ಓದಿಲ್ಲ ಅಂತ ಅರ್ಥ. 2014ರಲ್ಲಿ ಆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ಜಾರಿಗೆ ಮಾತ್ರ ಬರಲಿಲ್ಲ. ಹೆಸರು ಗುಟ್ಟಾಗಿಟ್ಟು ಕೇಂದ್ರ ಜಾಗೃತ ಆಯೋಗಕ್ಕೆ ದೂರು ಕೊಡುವ 2004ರ ವ್ಯವಸ್ಥೆ ಇರುವುದು ಕೇಂದ್ರ ಸರ್ಕಾರದ ಕಚೇರಿ, ರಾಷ್ಟ್ರೀಕೃತ ಬ್ಯಾಂಕು ಇಂಥವಕ್ಕೆ. ನಿಮ್ಮ ಸಂಘ ಅದರಡಿ ಬರುವುದಿಲ್ಲ. ಬೆದರಿಕೆ ಬಂದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ಇಷ್ಟನ್ನು ಮುಖಕ್ಕೆ ಮುಖ ಹೇಳಿಬಿಡುವವರು ಒಳ್ಳೆಯ ವಕೀಲರು, ಕೇಳಲು ಕಹಿ ಅನಿಸಿದರೂ.

ಫೀಸಿನ ವಿಷಯ. ಸರ್ಕಾರಕ್ಕೆ ಆದ ಮೋಸ ಹೊರಹಾಕಿದವರಿಗೆ ವಸೂಲಾದ ಹಣದಲ್ಲಿ ಪಾಲು ಸಿಗುವುದು, ವಕೀಲರು ಗೆದ್ದ ಮೇಲೆ ಫೀಸು ತೆಗೆದುಕೊಳ್ಳುವುದು ಎಲ್ಲ ಅಮೆರಿಕದ ಪದ್ಧತಿ. ನಮ್ಮಲ್ಲಿ ಗೆದ್ದರೆ ಮಾತ್ರ ಫೀಸು ಎಂದು ಗೊತ್ತುಮಾಡುವುದನ್ನೇ ವಕೀಲರ ನಡತೆ ನೋಡುವ ಬಾರ್ ಕೌನ್ಸಿಲ್‌ನ ನಿಯಮ ಒಪ್ಪುವುದಿಲ್ಲ. ಎಷ್ಟು, ಯಾವ ಹಂತಕ್ಕೆ ಅಂತ ಮೊದಲೇ ಮಾತಾಡಿಕೊಳ್ಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ.

ಅಡವು ರಿಜಿಸ್ಟರನ್ನು ಮನೆಗೆ ತರಬೇಡಿ. ಕಳ್ಳತನದ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ. ಯಾವ ದಿನ, ಯಾವ ಸಾಲದ ನಂಬರು, ಯಾರ ಸಹಿ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಫೋಟೋ, ವಾಟ್ಸಾಪ್ ಮೆಸೇಜು ಇದ್ದರೆ ಆ ಫೋನನ್ನೇ ಜೋಪಾನ ಮಾಡಿ, ಡಿಜಿಟಲ್ ದಾಖಲೆಗೆ ಕೋರ್ಟಿನಲ್ಲಿ ಬೇರೆ ಸರ್ಟಿಫಿಕೇಟು ಬೇಕಾಗುತ್ತದೆ. ಆ ವೋಚರುಗಳಲ್ಲಿ ಎಲ್ಲಾದರೂ ನಿಮ್ಮದೂ ಒಂದು ಸಹಿ ಇದ್ದರೆ ಮೊದಲ ಭೇಟಿಯಲ್ಲೇ ವಕೀಲರಿಗೆ ಹೇಳಿಬಿಡಿ. ನಡೆದುಹೋದದ್ದರ ಬಗ್ಗೆ ಸಲಹೆ ಕೇಳುತ್ತಾ ನೀವು ಹೇಳಿದ್ದನ್ನು ಅವರು ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವ ಹಾಗಿಲ್ಲ. ಆ ಸಹಿ ಎದುರಿನವರ ಬಾಯಿಂದ ಕೋರ್ಟಿನಲ್ಲಿ ಮೊದಲ ಸಲ ಹೊರಬಂದರೆ ಎಂಥ ವಕೀಲರಿದ್ದರೂ ಕಷ್ಟ.