ಕ್ಲೀನರ್ ಅಂದ್ರೆ ಯಾರು, ಯಾವ್ದು?

ದಾವಣಗೆರೆ ಲಾರಿ ಸ್ಟ್ಯಾಂಡಲ್ಲಿ "ಕ್ಲೀನರ್ ಎಲ್ಲಪ್ಪಾ" ಅಂತ ಕೂಗಿದ್ರೆ ಗಾಡಿ ಕೆಳಗಿಂದ ಒಬ್ಬ ಹುಡುಗ ಎದ್ದು ಬರ್ತಾನೆ, ಅದೇ ಮಾತು ಕಿರಾಣಿ ಅಂಗಡೀಲಿ ಕೇಳಿದ್ರೆ ಟಾಯ್ಲೆಟ್ ತೊಳೆಯೋ ಬಾಟ್ಲಿ ಕೊಡ್ತಾರೆ, ಎಲೆಕ್ಟ್ರಿಕಲ್ ಶೋರೂಮಲ್ಲಿ ಕೇಳಿದ್ರೆ ಸೊಂಡಿಲು ಇರೋ ಮೆಷಿನ್ನು, ಅಂದ್ರೆ ವ್ಯಾಕ್ಯೂಮ್ ಕ್ಲೀನರ್, ತೋರಿಸ್ತಾರೆ. ಕನ್ನಡದಲ್ಲಿ ಗುಡಿಸೋರು ಬೇರೆ, ಕಸಬರಿಗೆ ಬೇರೆ. ಇಂಗ್ಲಿಷಿಂದ ಬಂದ ಈ ಪದಕ್ಕೆ ಆ ಭೇದನೇ ಇಲ್ಲ.

ಸೊಂಡಿಲಿನ ಮೆಷಿನ್ನು ಧೂಳನ್ನ ಎಳೆಯುತ್ತೆ ಅಂತೀವಲ್ಲ, ನಿಜವಾಗಿ ಅದು ಎಳೆಯಲ್ಲ. ಒಳಗಿನ ಫ್ಯಾನು ಗಾಳಿನ ಹಿಂದಕ್ಕೆ ತಳ್ಳುತ್ತೆ, ಒಳಗೆ ಒತ್ತಡ ಕಮ್ಮಿ ಆಗುತ್ತೆ, ಆಗ ಹೊರಗಿನ ಗಾಳಿ, ಅಂದ್ರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಭಾರ ಹಾಕ್ತಾ ಇರೋ ಗಾಳಿ, ಒಳಕ್ಕೆ ನುಗ್ಗುತ್ತೆ, ಧೂಳು ಅದರ ಜೊತೆ ಹೋಗುತ್ತೆ ಅಷ್ಟೆ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಬೂತ್ ಮಾಡಿದ್ದು ಎಷ್ಟು ದೊಡ್ಡದಂದ್ರೆ ಕುದುರೆಗಾಡೀಲಿ ತಂದು ರೋಡಲ್ಲಿ ನಿಲ್ಲಿಸಿ ಕಿಟಕಿಯೊಳಗೆ ಪೈಪು ಬಿಡ್ತಿದ್ರು. ಮನೇಲಿ ಇಟ್ಕೊಳ್ಳೋ ಅಂಥ ಕರೆಂಟಿನ ಮೆಷಿನ್ನು ಕಟ್ಟಿದ್ದು 1907ರಲ್ಲಿ ಅಮೆರಿಕದ ಸ್ಪ್ಯಾಂಗ್ಲರ್, ಅಂಗಡಿ ಗುಡಿಸೋ ಕೆಲಸದವನು, ಧೂಳಿಗೆ ಉಬ್ಬಸ ಬೇರೆ, ಫ್ಯಾನ್ ಮೋಟ್ರಿಗೆ ದಿಂಬಿನ ಕವರ್ ಕಟ್ಟಿಬಿಟ್ಟ. ಕ್ಲೀನರ್ ಮಾಡಿದ ಕ್ಲೀನರ್ ಅದು!

ಬಾಟ್ಲಿ ಕ್ಲೀನರಿಗೆ ಗಾಳಿ ಗೀಳಿ ಏನೂ ಬೇಡ. ಚಿತ್ರದುರ್ಗದ ಕಡೆ ಬೋರ್ ನೀರು ಬಿಟ್ಟು ಹೋಗೋ ಬಿಳೀ ಪದರ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟು, ಬಾಟ್ಲೀಲಿರೋ ಹೈಡ್ರೋಕ್ಲೋರಿಕ್ ಆಸಿಡ್ ಬಿದ್ದ ತಕ್ಷಣ ಬುರುಬುರು ನೊರೆ ಬರುತ್ತೆ, ಅದು ಇಂಗಾಲದ ಡೈಆಕ್ಸೈಡು. ಇನ್ನೂ ಬೆಳ್ಳಗಾಗ್ಲಿ ಅಂತ ಅದರ ಮೇಲೆ ಬ್ಲೀಚಿಂಗ್ ಪೌಡರ್ ಮಾತ್ರ ಸುರಿಬೇಡಿ, ಕ್ಲೋರಿನ್ ಏಳುತ್ತೆ, ಬಾಗಿಲು ಮುಚ್ಚಿರೋ ಬಾತ್ರೂಮಲ್ಲಿ ಅದು ಪ್ರಾಣಕ್ಕೇ ಬರಬಹುದು.

ಲಾರಿಯೊಳಗೂ ಒಂದು ಐತೆ, ಇಂಜಿನ್ನಿಗೆ ಹೋಗೋ ಗಾಳಿನ ಸೋಸೋ ಏರ್ ಕ್ಲೀನರ್. ನನಗೆ ಎಲ್ಲಕ್ಕಿಂತ ಇಷ್ಟ ಇದೇ. 1 ಲೀಟರ್ ಡೀಸೆಲ್ ಪೂರ್ತಿ ಉರಿಯೋಕೆ ಹತ್ತತ್ರ 10,000 ಲೀಟರ್ ಗಾಳಿ ಬೇಕು, ಹೊಳಲ್ಕೆರೆ ಕಡೆ ಅದಿರು ಲಾರಿ ಓಡಾಡೋ ಕೆಂಪು ರೋಡಲ್ಲಿ ಅಷ್ಟು ಗಾಳಿ ಜೊತೆ ಎಷ್ಟು ಧೂಳು ನುಗ್ಗುತ್ತೆ ಲೆಕ್ಕ ಹಾಕಿ, ಹಂಗೇ ಬಿಟ್ರೆ ಸಿಲಿಂಡರು ಮರಳು ಕಾಗದದಲ್ಲಿ ಉಜ್ಜಿದಂಗೆ ಸವೆದು ಹೋಗುತ್ತೆ. ಹಳೇ ಗಾಡಿಗಳಲ್ಲಿ ಈ ಏರ್ ಕ್ಲೀನರಿನ ತಳಕ್ಕೆ ಎಣ್ಣೆ ಹಾಕಿರ್ತಿದ್ರು. ಗಾಳಿ ಕೆಳಗೆ ಬಂದು ಎಣ್ಣೆ ಹತ್ರ ಗಕ್ಕಂತ ಮೇಲಕ್ಕೆ ತಿರುಗುತ್ತೆ, ಭಾರದ ಧೂಳು ತಿರುಗೋಕಾಗದೆ ಎಣ್ಣೇಲಿ ಬೀಳುತ್ತೆ, ಬಸ್ಸು ತಿರುವಲ್ಲಿ ತಿರುಗಿದಾಗ ನಾವು ಪಕ್ಕದವರ ಮೇಲೆ ವಾಲ್ತೀವಲ್ಲ ಅದೇ ಲೆಕ್ಕ. ಈಗ ಮಡಿಕೆ ಮಡಿಕೆ ಪೇಪರ್ ಫಿಲ್ಟರು ಬಂದೈತೆ. ಅದನ್ನ ಬಿಚ್ಚಿ ಕ್ಲೀನ್ ಮಾಡೋನು ಮತ್ತೆ ನಮ್ ಕ್ಲೀನರ್ ಹುಡುಗನೇ, ಗಾಳಿ ಹೊಡೆಯೋವಾಗ ಪೈಪು ಒಳಗಿಟ್ಟು ಹೊರಕ್ಕೆ ಊದ್ತಾನೆ, ಯಾಕಂದ್ರೆ ಧೂಳು ಕೂತಿರೋದು ಹೊರಮೈಲಿ.