ಗೆಜ್ಜೆ, ಉಡುಪು ಮತ್ತು ತಾಳ: ಶಾಸ್ತ್ರೀಯ ನೃತ್ಯದ ಆಹಾರ್ಯವನ್ನು ಓದುವ ಬಗೆ

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ (ದೇಹದ ಚಲನೆ), ವಾಚಿಕ, ಆಹಾರ್ಯ, ಸಾತ್ತ್ವಿಕ (ಒಳಗಿನ ಭಾವ) ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಹಾಡು ಮತ್ತು ಸಾಹಿತ್ಯ ವಾಚಿಕದಲ್ಲಿಯೂ, ಉಡುಪು, ಆಭರಣ, ವರ್ಣಿಕೆಗಳು ಆಹಾರ್ಯದಲ್ಲಿಯೂ ಸೇರುತ್ತವೆ. ಪರೀಕ್ಷೆಗೆ ಓದುವವರು ಇವನ್ನು ಬೇರೆ ಬೇರೆ ಪಟ್ಟಿಗಳಾಗಿ ಬಾಯಿಪಾಠ ಮಾಡುವುದುಂಟು. ಆದರೆ ಒಂದು ಪದ್ಧತಿಯ ವೇಷ ಹಾಗೇಕಿದೆ ಎಂಬುದು ಅದರ ಹೆಜ್ಜೆಯನ್ನೂ ತಾಳವನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ಸ್ಪಷ್ಟವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಗೆಜ್ಜೆಗಿಂತ ಒಳ್ಳೆಯ ಆರಂಭವಿಲ್ಲ, ಏಕೆಂದರೆ ಅದು ಆಭರಣವೂ ಹೌದು, ವಾದ್ಯವೂ ಹೌದು. ನಂದಿಕೇಶ್ವರನ ಅಭಿನಯದರ್ಪಣವು ಕಂಚಿನಿಂದ ಮಾಡಿದ, ಇಂಪಾದ ನಾದವುಳ್ಳ ಕಿಂಕಿಣಿಗಳನ್ನು, ಎಂದರೆ ಸಣ್ಣ ಗೆಜ್ಜೆಗಳನ್ನು, ನೀಲಿ ದಾರದಲ್ಲಿ ಬಿಗಿಯಾಗಿ ಗಂಟುಹಾಕಿ, 200 ಅಥವಾ 100ರಂತೆ ಪಾದಗಳಿಗೆ ಕಟ್ಟಬೇಕೆಂದು ವಿಧಿಸುತ್ತದೆ. ಕಥಕ್ ನೃತ್ಯದಲ್ಲಿ ಇಂದಿಗೂ ಗೆಜ್ಜೆಗಳನ್ನು ದಾರದಲ್ಲಿ ಪೋಣಿಸಿ ಕಣಕಾಲಿಗೆ ಸುತ್ತುತ್ತಾರೆ. ಸಾರಂಗಿ ಅಥವಾ ಹಾರ್ಮೋನಿಯಂ ಲಹರಾ ಎಂಬ ಒಂದೇ ಸ್ವರಪಂಕ್ತಿಯನ್ನು ತಾಳದ ಆವರ್ತಕ್ಕೆ ಸರಿಯಾಗಿ ಮತ್ತೆ ಮತ್ತೆ ನುಡಿಸುತ್ತಿರುವಾಗ, ತತ್ಕಾರ್ ಎಂಬ ಹೆಜ್ಜೆಗಾರಿಕೆಯ ಪ್ರತಿಯೊಂದು ಪಾದಾಘಾತವೂ ತಬಲಾದ ಬೋಲ್ ಎಂಬ ನುಡಿತಗಳಿಗೆ ಉತ್ತರವಾಗಿ ಕೇಳಿಸಬೇಕಾಗುತ್ತದೆ. ಚಕ್ಕರ್ ಎಂಬ ಸುತ್ತುಗಳಲ್ಲಿ ಅರಳುವ ಅಗಲವಾದ ಘೇರಿನ ಉಡುಪು ಆ ವೇಗವನ್ನು ಕಣ್ಣಿಗೂ ತೋರಿಸುತ್ತದೆ. ಮಣಿಪುರಿ ಇದಕ್ಕೆ ತೀರ ಭಿನ್ನ. ಅಲ್ಲಿ ನರ್ತಕಿಯರು ಗೆಜ್ಜೆಯನ್ನೇ ಕಟ್ಟುವುದಿಲ್ಲ. ಪಾದವು ನೆಲವನ್ನು ಮೃದುವಾಗಿ ಮುಟ್ಟುತ್ತದೆ, ರಾಸಲೀಲೆಯ ಗಟ್ಟಿಯಾದ ಕುಮಿಲ್ ಲಂಗವು ಕಾಲುಗಳ ಚಲನೆಯನ್ನು ಮರೆಮಾಡುತ್ತದೆ, ಲಯದ ಹೊಣೆಯನ್ನು ಪುಂಗ್ ಎಂಬ ಮದ್ದಳೆ ಹೊರುತ್ತದೆ.

ಭರತನಾಟ್ಯದಲ್ಲಿ ಗೆಜ್ಜೆಯನ್ನು ಸಾಮಾನ್ಯವಾಗಿ ಚರ್ಮದ ಪಟ್ಟಿಗೆ ಹೊಲಿದಿರುತ್ತಾರೆ. ನೃತ್ಯವನ್ನು ನಡೆಸುವ ನಟ್ಟುವನಾರರು ತಾಳ ತಟ್ಟುತ್ತ ಸೊಲ್ಲುಕಟ್ಟು, ಎಂದರೆ ಲಯದ ನುಡಿಗಳನ್ನು, ಹೇಳುತ್ತಾರೆ. ಹಾಡುಗಾರಿಕೆ, ಮೃದಂಗ, ಕೊಳಲು, ಪಿಟೀಲುಗಳು ಅದರೊಡನೆ ಸಾಗುತ್ತವೆ. ಉಡುಪಿನ ಮುಂಭಾಗದ ಬೀಸಣಿಗೆಯಂತಹ ನೆರಿಗೆ ಕೇವಲ ಅಲಂಕಾರವಲ್ಲ. ಮಂಡಿಗಳನ್ನು ಹೊರಕ್ಕೆ ಬಾಗಿಸಿದ ಅರೆಮಂಡಿಯಲ್ಲಿ ಕುಳಿತೊಡನೆ ಅದು ಬಿಚ್ಚಿಕೊಂಡು, ಮಂಡಿಗಳು ಎಷ್ಟು ಹೊರಳಿವೆ ಎಂಬುದನ್ನು ಪ್ರೇಕ್ಷಕರಿಗೆ ನಿಖರವಾಗಿ ತೋರಿಸುತ್ತದೆ. ಇಂದು ನಾವು ಕಾಣುವ ಹೊಲಿದ ಉಡುಪಿನ ರೂಪಕ್ಕೆ 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದ ರುಕ್ಮಿಣೀದೇವಿ ಅರುಂಡೇಲ್ ಅವರ ಕೊಡುಗೆ ದೊಡ್ಡದು.

ನಾಟ್ಯಶಾಸ್ತ್ರವು ಆಭರಣಗಳನ್ನು ಧರಿಸುವ ಕ್ರಮದಿಂದ ವಿಭಾಗಿಸುತ್ತದೆ: ಚುಚ್ಚಿ ಧರಿಸುವ ಓಲೆಯಂಥವು ಆವೇಧ್ಯ, ಕಟ್ಟುವ ಡಾಬು, ತೋಳಬಂದಿಗಳು ಬಂಧನೀಯ, ತೊಡಿಸುವ ನೂಪುರ ಪ್ರಕ್ಷೇಪ್ಯ, ಮೇಲಿಂದ ಹಾಕಿಕೊಳ್ಳುವ ಹಾರಗಳು ಆರೋಪ್ಯ. ಭರತನಾಟ್ಯದ ಬೈತಲೆಬೊಟ್ಟು, ಸೂರ್ಯ, ಚಂದ್ರ, ರಾಕುಡಿ, ಜುಮುಕಿ, ಮೂಗುಬೊಟ್ಟು, ಅಡ್ಡಿಕೆ, ವಂಕಿಗಳನ್ನು ಈ ಚೌಕಟ್ಟಿನಲ್ಲಿಟ್ಟು ನೀವೇ ವಿಂಗಡಿಸಿ ನೋಡಿರಿ. ಹೆಸರುಗಳು ಬೇಗನೆ ಮನಸ್ಸಿನಲ್ಲಿ ನಿಲ್ಲುತ್ತವೆ. ಒಡಿಸ್ಸಿಯಲ್ಲಿ ಕೆಂಪುಕಲ್ಲಿನ ಚಿನ್ನದ ಬದಲು ಬೆಳ್ಳಿಯ ಆಭರಣಗಳಿವೆ, ಕಟಕ್‌ನ ತಾರಕಸಿ ಎಂಬ ಬೆಳ್ಳಿತಂತಿಯ ಕುಸುರಿಕೆಲಸ ಅದಕ್ಕೆ ಪ್ರಸಿದ್ಧ. ಮೋಹಿನಿಯಾಟ್ಟಂ ಬಿಳಿ ಅಥವಾ ಕೆನೆಬಣ್ಣದ, ಜರಿಯಂಚಿನ ಕಸವು ಬಟ್ಟೆಯನ್ನೂ, ಪಕ್ಕದ ತುರುಬಿಗೆ ಮಲ್ಲಿಗೆಯನ್ನೂ ಆರಿಸಿಕೊಂಡಿದೆ.

ಆಹಾರ್ಯವು ಅತ್ಯಂತ ಪ್ರಬಲವಾಗಿರುವುದು ಕಥಕಳಿಯಲ್ಲಿ. ನಟನು ಮಾತನಾಡುವುದಿಲ್ಲ, ಪೊನ್ನಾನಿ ಎಂಬ ಮುಖ್ಯ ಗಾಯಕ ಮತ್ತು ಶಿಂಗಿಡಿ ಎಂಬ ಸಹಗಾಯಕ ಹಾಡುತ್ತಾರೆ, ಚೆಂಡೆ ಮದ್ದಳೆಗಳು ಅವನ ಪ್ರತಿಯೊಂದು ಚಲನೆಯನ್ನು ಹಿಂಬಾಲಿಸುತ್ತವೆ. ಪಾತ್ರದ ಗುಣವನ್ನು ಮುಖದ ಬಣ್ಣವೇ ಮೊದಲು ಸಾರುತ್ತದೆ: ಧೀರೋದಾತ್ತ ನಾಯಕರಿಗೆ ಪಚ್ಚ ಎಂಬ ಹಸಿರು ವೇಷ, ರಾವಣನಂತಹ ದರ್ಪಿಷ್ಠರಿಗೆ ಹಸಿರಿನ ಮೇಲೆ ಕೆಂಪು ಗುರುತಿನ ಕತ್ತಿ ವೇಷ, ಸ್ತ್ರೀಪಾತ್ರಗಳಿಗೂ ಋಷಿಗಳಿಗೂ ಸರಳ ಬಣ್ಣದ ಮಿನುಕ್ಕು ವೇಷ.

ಆಭರಣವೊಂದು ಪಾತ್ರದ ಗುರುತೇ ಆಗಬಲ್ಲದು ಎಂಬುದಕ್ಕೆ ಸತ್ಯಭಾಮೆಯನ್ನು ಕುರಿತ ಕೂಚಿಪುಡಿಯ ನೃತ್ಯನಾಟಕ ಭಾಮಾಕಲಾಪದಲ್ಲಿ ಉದಾಹರಣೆಯಿದೆ. ಸತ್ಯಭಾಮೆ ರಂಗಕ್ಕೆ ಬರುವ ಮೊದಲು ಅವಳ ಅಲಂಕೃತ ಜಡೆಯನ್ನು ತೆರೆಯ ಮೇಲಿಂದ ಪ್ರೇಕ್ಷಕರ ಕಡೆಗೆ ಇಳಿಬಿಡುವ ಸಂಪ್ರದಾಯವಿದ್ದು, ಪ್ರವೇಶದರು ಎಂಬ ಪ್ರವೇಶದ ಹಾಡಿನಲ್ಲಿ ಅವಳು ತನ್ನನ್ನು ತಾನೇ ಪರಿಚಯಿಸಿಕೊಳ್ಳುವ ಮೊದಲೇ ಅವಳ ಅಭಿಮಾನವನ್ನು ಆ ಜಡೆ ತಿಳಿಸಿರುತ್ತದೆ.