‘ಸರ್’ ಅನ್ನಲೋ, ‘ಮ್ಯಾಮ್’ ಅನ್ನಲೋ, ಕ್ಯಾಪ್ಟನ್?

1995ರ ಜನವರಿಯಲ್ಲಿ ಅಮೆರಿಕದ ಟಿವಿಯಲ್ಲಿ ‘ಸ್ಟಾರ್ ಟ್ರೆಕ್: ವಾಯೇಜರ್’ ಎಂಬ ಬಾಹ್ಯಾಕಾಶ ನೌಕೆಯ ಧಾರಾವಾಹಿ ಶುರುವಾಯಿತು. ಮೊದಲ ಕಂತಿನಲ್ಲೇ ಒಂದು ಪುಟ್ಟ ಪೇಚಾಟ. ಹೊಸದಾಗಿ ಸೇರಿದ ಹುಡುಗ ಹ್ಯಾರಿ ಕಿಮ್, ಕ್ಯಾಪ್ಟನ್ ಕ್ಯಾಥರಿನ್ ಜೇನ್ವೇ ಎದುರು ಸೆಟೆದು ನಿಂತು ‘ಸರ್’ ಅನ್ನುತ್ತಾನೆ. ಪಡೆಯ ನಿಯಮ ಏನೇ ಇರಲಿ, ನನಗೆ ‘ಸರ್’ ಹಿಡಿಸಲ್ಲ ಅಂತಾರೆ ಆಕೆ. ಹುಡುಗ ತಡವರಿಸಿ ‘ಮ್ಯಾಮ್’ಗೆ ಇಳಿಯುತ್ತಾನೆ. ತೀರಾ ಇಕ್ಕಟ್ಟಿನ ಹೊತ್ತಿಗೆ ಅದೂ ಆದೀತು, ಆದರೆ ‘ಕ್ಯಾಪ್ಟನ್’ ಅಂದರೇ ಇಷ್ಟ ಅನ್ನುವುದು ಆಕೆಯ ತೀರ್ಪು. ಕಿಮ್ ಮತ್ತೆ ‘ಮ್ಯಾಮ್’ ಅಂದುಬಿಟ್ಟಾಗ, ಇಕ್ಕಟ್ಟಿನ ಹೊತ್ತು ಇನ್ನೂ ಬಂದಿಲ್ಲ, ಬಂದಾಗ ಹೇಳ್ತೀನಿ ಅಂತ ಕಾಲೆಳೆಯುತ್ತಾರೆ.

ಈ ತಮಾಷೆಯ ಹಿಂದೆ ಮೂವತ್ತು ವರ್ಷದ ಗೊಂದಲವಿದೆ. ಸ್ಟಾರ್ ಟ್ರೆಕ್‌ನ ಮೊಟ್ಟಮೊದಲ ಮಾದರಿ ಕಂತಿನ ಚಿತ್ರೀಕರಣ 1964ರ ಕೊನೆಯಲ್ಲಿ ಶುರುವಾಯಿತು. ಅದರಲ್ಲಿ ಕ್ಯಾಪ್ಟನ್ ನಂತರದ ಅಧಿಕಾರಿ ಹೆಂಗಸೇ. ಆಕೆಗೆ ಹೆಸರೂ ಇಲ್ಲ, ಬರೀ ‘ನಂಬರ್ ಒನ್’. ಇಲ್ಲಿ ಹೆಣ್ಣಿರುವುದು ಒಗ್ಗುತ್ತಿಲ್ಲ ಅಂತ ಕ್ಯಾಪ್ಟನ್ ಪೈಕ್ ಗೊಣಗುತ್ತಾನೆ. ಆಕೆ ಪಕ್ಕದಲ್ಲೇ ಇರುವುದು ಗಮನಕ್ಕೆ ಬಂದು, ನಿಮ್ಮ ಮಾತೇ ಬೇರೆ ಬಿಡಿ ಅಂತ ತೇಪೆ ಹಚ್ಚುತ್ತಾನೆ. 1982ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಸಾವಿಕ್ ಎಂಬ ಯುವತಿ ಲೆಫ್ಟಿನೆಂಟ್‌ಗೆ ‘ಮಿಸ್ಟರ್ ಸಾವಿಕ್’ ಅಂತಲೇ ಕರೆ. ಕಿರಿಯ ಅಧಿಕಾರಿಗಳನ್ನು ‘ಮಿಸ್ಟರ್’ ಅನ್ನುವುದು ನೌಕಾಪಡೆಯ ಹಳೇ ರೂಢಿ.

ಪೇಚಿಗೆ ಸಿಕ್ಕಿಕೊಂಡವರು ಅಭಿಮಾನಿ ಕಥೆಗಾರರು, ಅಂದರೆ ಇದೇ ಪಾತ್ರಗಳನ್ನಿಟ್ಟುಕೊಂಡು ತಮ್ಮದೇ ಕಥೆ ಬರೆಯುವ ಅಭಿಮಾನಿಗಳು. 1967ರಲ್ಲಿ ‘ಸ್ಪಾಕನೇಲಿಯಾ’ ಎಂಬ ಅಭಿಮಾನಿಗಳ ಪತ್ರಿಕೆ ಬಂದಾಗಿನಿಂದ ಈ ಬರವಣಿಗೆಯಲ್ಲಿ ಹೆಂಗಸರೇ ಜಾಸ್ತಿ. ನೋಡುವವರು ಒಂದು ‘ಮಿಸ್ಟರ್’ ಕೇಳಿ ಸುಮ್ನೆ ಮುಂದೆ ಹೋಗಬಹುದು. ಬರೆಯುವವರಿಗೆ ಪ್ರತಿ ಸಂಭಾಷಣೆಯಲ್ಲೂ ಅದೇ ಪ್ರಶ್ನೆ. ‘ಸರ್’ ಅಂದರೆ ಎಲ್ಲರೂ ಸಮ ಅಂತಲೇ? ಇಲ್ಲಾ, ಕುರ್ಚಿ ಗಂಡಸಿನದು, ಹೆಣ್ಣು ಬಂದು ಕೂತಿದ್ದಾಳೆ ಅಂತಲೇ? ಇಂಗ್ಲಿಷಿನಲ್ಲಿ ‘ಯೆಸ್, ಸರ್’ ಅಂದ ಮರುಸಾಲಿನಲ್ಲೇ ‘ಶೀ’ ಬಂದು ಎಡವಿಸುತ್ತದೆ. ನಮಗೆ ಆ ಕಷ್ಟ ಅರ್ಧ ಕಮ್ಮಿ. ‘ಕ್ಯಾಪ್ಟನ್ ತಿರುಗಿ ನೋಡಿದರು’ ಅಂದರೆ ಮುಗಿಯಿತು, ಹೆಣ್ಣೋ ಗಂಡೋ ಅನ್ನುವುದು ಮರ್ಯಾದೆಯಲ್ಲೇ ಮುಚ್ಚಿಹೋಗುತ್ತದೆ, ಅಲ್ವಾ?

2003ರಲ್ಲಿ ಹೊಸದಾಗಿ ಬಂದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಇನ್ನೊಂದು ಬಾಹ್ಯಾಕಾಶ ಧಾರಾವಾಹಿ ಇಂಥ ವಿವರಣೆಯ ಗೋಜಿಗೇ ಹೋಗಲಿಲ್ಲ. ಅಡ್ಮಿರಲ್ ಕೇನ್ ಹೆಂಗಸಾದರೂ ‘ಸರ್’. ಎರಡು ಕಂತು ನೋಡಿದರೆ ಕಿವಿಗೆ ಒಗ್ಗಿಹೋಗುತ್ತದೆ. ನನಗೆ ‘ಮಿಸ್ಟರ್ ಸಾವಿಕ್’ ಮಾತ್ರ ಇವತ್ತಿಗೂ ಒಗ್ಗಿಲ್ಲ. 2013ರಲ್ಲಿ ಆನ್ ಲೆಕಿ ತಮ್ಮ ‘ಆನ್ಸಿಲರಿ ಜಸ್ಟಿಸ್’ ಕಾದಂಬರಿಯಲ್ಲಿ ಲೆಕ್ಕವನ್ನೇ ತಿರುಗಿಸಿದರು. ಅಲ್ಲಿನ ಸಾಮ್ರಾಜ್ಯದಲ್ಲಿ ಎಲ್ಲರೂ ‘ಶೀ’, ಆದರೂ ಮೇಲಧಿಕಾರಿ ‘ಸರ್’.

ಜೇನ್ವೇ ಅಭಿಮಾನಿಗಳು ಆಕೆ ಕೇಳಿದ್ದನ್ನೇ ಕೊಟ್ಟರು. ಅವರ ಕಥೆಗಳಲ್ಲಿ ‘ಕ್ಯಾಪ್ಟನ್’ ಬರೀ ಹುದ್ದೆಯಾಗಿ ಉಳಿಯಲಿಲ್ಲ. ಆಕೆಗೂ ಉಪನಾಯಕ ಚಕೋಟೇಗೂ ಜೋಡಿ ಹಾಕುವ ಕಥೆಗಳಂತೂ ಲೆಕ್ಕವಿಲ್ಲದಷ್ಟಿವೆ. ಅಲ್ಲಿ ಮುತ್ತು, ಅಪ್ಪುಗೆಯೆಲ್ಲ ಆಮೇಲೆ. ಅವನು ಬಾಗಿಲ ಹತ್ತಿರ ನಿಂತು, ‘ಕ್ಯಾಪ್ಟನ್’ ಬಿಟ್ಟು ‘ಕ್ಯಾಥರಿನ್’ ಅಂದರೆ ಸಾಕು, ಓದುವವರಿಗೆ ಗೊತ್ತಾಗಿಬಿಡುತ್ತದೆ.